ಏಳು ವರ್ಷದ ಮಗಳ ಜೊತೆ ಎಲ್ಕ್ ಬೇಟೆಗೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಡೆನ್ವರ್‌ನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ರೈಫಲ್ ಅನ್ನುವ ಊರು ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಮೀಕರ್. ಮೀಕರ್ ದಾಟಿದ ಮೇಲೆ ವೈಟ್ ರಿವರ್ ನದಿ ಜೊತೆಯಲ್ಲೇ ಬರುತ್ತದೆ. ಹುಲ್ಲುಗಾವಲು, ಕುರಿ ಮಂದೆ, ಆಮೇಲೆ ಮಣ್ಣಿನ ರಸ್ತೆ, ಕೊನೆಗೆ ಟ್ರ್ಯಾಪರ್ಸ್ ಲೇಕ್. ಸೆಪ್ಟೆಂಬರ್ ನಡುಭಾಗ. ಆಸ್ಪೆನ್ ಮರಗಳು ಹಳದಿಗೆ ತಿರುಗಿದ್ದವು. ಕಾರಿನಲ್ಲಿ ನಾನು, ಇಲ್ಲೇ ಹುಟ್ಟಿ ಬೆಳೆದ ನನ್ನ ಗೆಳೆಯ, ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು. ಡಿಕ್ಕಿಯಲ್ಲಿ ನನ್ನ ಬಿಲ್ಲು. ಹೊರಟಿದ್ದು ಎಲ್ಕ್ ಬೇಟೆಗೆ. ಎಲ್ಕ್ ಅಂದರೆ ನಮ್ಮ ಕಡವೆಯಂಥ ದೊಡ್ಡ ಜಿಂಕೆ.

ಈ ಸರೋವರಕ್ಕೊಂದು ಕಥೆ ಇದೆ. 1919ರಲ್ಲಿ ಅರಣ್ಯ ಇಲಾಖೆ ಆರ್ಥರ್ ಕಾರ್ಹಾರ್ಟ್ ಎಂಬ ಯುವಕನನ್ನು ಇಲ್ಲಿಗೆ ಕಳಿಸಿತು. ದಡದಲ್ಲಿ ಬೇಸಿಗೆ ಮನೆಗಳಿಗೆ ಸೈಟ್ ಗುರುತು ಮಾಡುವುದು ಅವನ ಕೆಲಸ. ಅವನು ನೋಡಿ, ಇಲ್ಲಿ ಏನೂ ಕಟ್ಟಬೇಡಿ, ಹೀಗೇ ಬಿಡಿ ಎಂದು ಹೇಳಿದ. ಇಲಾಖೆ ಕೇಳಿತು. ಸುತ್ತಲಿನ ಫ್ಲ್ಯಾಟ್ ಟಾಪ್ಸ್ ಕಾಡನ್ನು 1975ರಲ್ಲಿ ಕಾನೂನಿನಡಿ ಕಾಪಾಡಿದರು. ಒಳಗೆ ಗಾಡಿ ಬಿಡಿ, ಸೈಕಲ್ ಕೂಡ ಹೋಗುವಂತಿಲ್ಲ. ನಡೆಯಬೇಕು, ಇಲ್ಲವೇ ಕುದುರೆ ಏರಬೇಕು. 2002ರ ಕಾಳ್ಗಿಚ್ಚಿನಲ್ಲಿ ಸುಟ್ಟ ಮರಗಳು ಇನ್ನೂ ಬೆಳ್ಳಗೆ ನಿಂತಿವೆ. ಅವುಗಳ ಬುಡದಲ್ಲಿ ಎಳೆ ಹುಲ್ಲು ಜಾಸ್ತಿ. ಎಲ್ಕ್‌ಗಳಿಗೆ ಅದೇ ಬೇಕು.

ಸರೋವರವೇ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಗಿನ ತಡಿಯಂಡಮೋಳ್ 1,748 ಮೀಟರ್. ಹಾಗಾಗಿ ಮೊದಲ ದಿನ ಬೇಟೆಯ ಮಾತೇ ಎತ್ತಲಿಲ್ಲ. ಮಗಳಿಗೆ ಉಸಿರು ಹೊಂದಿಕೊಳ್ಳಲಿ ಅಂತ ಸುಮ್ನೆ ನೀರಿನ ಪಕ್ಕ ಓಡಾಡಿದೆವು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಬಿಡಬಾರದು. ತಲೆನೋವು, ವಾಂತಿ ಶುರುವಾದರೆ ಕೆಳಗೆ ಇಳಿಯುವುದೊಂದೇ ದಾರಿ. ಇನ್ನೊಂದು ಮಾತು: ಚಿಪ್ಸ್ ಪ್ಯಾಕೆಟ್ ಬೇಡ. ಆ ಪರಪರ ಸದ್ದು ಕಾಡಿನಲ್ಲಿ ಬಹಳ ದೂರ ಹೋಗುತ್ತದೆ. ನಾವು ಚಕ್ಕುಲಿ, ಒಣದ್ರಾಕ್ಷಿಯನ್ನು ಬಟ್ಟೆ ಚೀಲದಲ್ಲಿ ಕಟ್ಟಿಕೊಂಡಿದ್ದೆವು.

ಮಗುವನ್ನು ಬೇಟೆಗೆ ಕರೆದುಕೊಂಡು ಹೋಗೋದಾ ಎಂದು ಕೇಳಿದವರು ಬಹಳ ಜನ. ಮನೆಯಲ್ಲಿ ನಾವು ಮಾಂಸ ತಿನ್ನುತ್ತೇವೆ. ಅದು ಪ್ಲಾಸ್ಟಿಕ್ ತಟ್ಟೆಯಲ್ಲಿ ಹುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಾಗಬೇಕು. ಹೇಳಿ ಅಲ್ಲ, ನೋಡಿ. ನನಗೆ ಇದು ಮುಖ್ಯ. ಆದರೆ ಅವಳು ಜೊತೆಗಿದ್ದರೆ ಬೇಟೆ ಅವಳ ಹೆಜ್ಜೆಯಲ್ಲೇ ನಡೆಯಬೇಕು. ಚಳಿ ಅಂದರೆ ವಾಪಸ್. ಸಾಕು ಅಂದರೆ ಸಾಕು.

ಬೆಳಗಿನ ಕತ್ತಲಲ್ಲಿ ಮೊದಲ ಕೂಗು ಕೇಳಿತು. ಗಂಡು ಎಲ್ಕ್ ಮುನ್ನೂರು ಕಿಲೋ ಮೀರಿ ತೂಗುವ ಪ್ರಾಣಿ. ಆದರೆ ಬೆದೆಯ ಕಾಲದಲ್ಲಿ ಅದರ ಕೂಗು ಕೊಳಲಿನಷ್ಟು ಸಣ್ಣ. ಗಂಟಲಿನಲ್ಲಿ ಶುರುವಾಗಿ ಮೇಲೇರಿ, ತುದಿಯಲ್ಲಿ ಸೀಟಿಯಾಗಿ, ಕೊನೆಗೆ ಗೊರಗೊರ ಎಂದು ಮುಗಿಯುತ್ತದೆ. ಮಗಳು ನನ್ನ ಜಾಕೆಟ್ ತೋಳು ಹಿಡಿದುಕೊಂಡಳು.

ಅವತ್ತು ನಮ್ಮೆದುರು ಬಂದಿದ್ದು ಒಂದು ಚಿಕ್ಕ ಗಂಡು. ಕವಲಿಲ್ಲದ ಎರಡು ಉದ್ದ ಕೊಂಬು. ಇಪ್ಪತ್ತು ಗಜದಲ್ಲಿ ಹುಲ್ಲು ಕಚ್ಚುತ್ತಾ ನಿಂತಿತು. "ಅಪ್ಪಾ, ಬಾಣ ಬಿಡು" ಎಂದಳು ಪಿಸುಮಾತಿನಲ್ಲಿ. ನಾನು ಬಿಲ್ಲು ಎತ್ತಲಿಲ್ಲ. ಅದು ಹೋದ ಮೇಲೆ ಹೇಳಿದೆ: ಇಲ್ಲಿ ಗಂಡನ್ನು ಹೊಡೆಯಬೇಕಾದರೆ ಒಂದು ಕೊಂಬಿಗೆ ಕನಿಷ್ಠ ನಾಲ್ಕು ಕವಲಿರಬೇಕು, ಅಥವಾ ಹಣೆಯ ಮೇಲಿನ ಕವಲು ಐದು ಇಂಚಾದರೂ ಇರಬೇಕು. "ಹಾಗಾದ್ರೆ ಅದು ನನ್ನ ಥರ ಚಿಕ್ಕದು" ಎಂದಳು. ಹೌದು, ಹಾಗೇ.

ಈ ನಿಯಮಗಳ ಹಿಂದೆ ಕಾರಣ ಇದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ ಕೊಲೊರಾಡೊದಲ್ಲಿ ಎಲ್ಕ್ ಬಹುತೇಕ ಮುಗಿದೇ ಹೋಗಿತ್ತು. ವ್ಯೋಮಿಂಗ್‌ನಿಂದ ತಂದು ಬಿಟ್ಟರು, ಕಾಪಾಡಿದರು. ಈಗ ಇಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಲೈಸೆನ್ಸಿನ ದುಡ್ಡು ಅವುಗಳನ್ನು ನೋಡಿಕೊಳ್ಳುವ ಇಲಾಖೆಗೇ ಹೋಗುತ್ತದೆ.

ನಮ್ಮ ಕಡೆ ಮಾತು ಬೇರೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ, ಸೆಪ್ಟೆಂಬರ್ 3ರಂದು, ಕೋವಿ ಮತ್ತು ಒಡಿಕತ್ತಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜೆ ಮಾಡುತ್ತೇವೆ. ಹಿಂದೆ ಹಬ್ಬದ ನಂತರ ಕಾಡಿಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ನಿಂತಿತು. ಈಗ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ನಿಂತಿದ್ದು ಒಳ್ಳೆಯದೇ ಆಯಿತು. ನಮ್ಮ ಕಾಡಿನ ಕಡವೆ ಅಲ್ಲಿನ ಹುಲಿಗೆ ಬೇಕು. ಇನ್ನೊಂದು ಹಳೆಯ ಪದ್ಧತಿಯೂ ಇತ್ತು. ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು-ಬಾಣ ಮಾಡಿ ಅದರ ಕೈಗೆ ಕೊಡುತ್ತಿದ್ದರು. ಹೆಣ್ಣು ಮಗುವಿಗೆ ಕೊಡುತ್ತಿರಲಿಲ್ಲ. ನನ್ನ ಮಗಳಿಗೂ ಅದು ಸಿಗಬೇಕು ಎಂಬ ಆಸೆ ಅವಳು ಹುಟ್ಟಿದಾಗಿನಿಂದ ನನಗಿತ್ತು.

ಎಲ್ಕ್ ಬೇಟೆಯಲ್ಲಿ ಗಾಳಿಯೇ ಯಜಮಾನ. ಬೆಳಗ್ಗೆ ತಂಪು ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿಸಿಲೇರಿದಂತೆ ಮೇಲಕ್ಕೆ ತಿರುಗುತ್ತದೆ. ನಮ್ಮ ವಾಸನೆ ಮೂಗಿಗೆ ಬಿದ್ದರೆ ಮುಗಿಯಿತು. ಪುಡಿ ತುಂಬಿದ ಚಿಕ್ಕ ಬಾಟಲಿ ಒತ್ತಿ ಗಾಳಿ ನೋಡುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಿದ್ದಳು. ಗೆಳೆಯನ ಬಳಿ ಇನ್ನೊಂದು ಸಾಮಾನಿತ್ತು: ಒತ್ತಿದರೆ ಹೆಣ್ಣು ಎಲ್ಕ್‌ನಂತೆ ಮಿಂಯ್ ಎನ್ನುವ ರಬ್ಬರ್ ಕೊಳವೆ. ಅದನ್ನೂ ಅವಳಿಗೇ ಕೊಟ್ಟ.

ಆ ಸಂಜೆ ಅವರಿಬ್ಬರು ನನ್ನಿಂದ ಐವತ್ತು ಗಜ ಹಿಂದೆ, ಬಿದ್ದ ಮರದ ಮರೆಯಲ್ಲಿ ಕೂತರು. ಕೂಗಿಸುವವರು ಹಿಂದೆ, ಬಿಲ್ಲು ಹಿಡಿದವನು ಮುಂದೆ. ಗಂಡು ಸದ್ದನ್ನು ಹುಡುಕಿಕೊಂಡು ಬರುವಾಗ ಬಿಲ್ಲುಗಾರನ ಪಕ್ಕದಲ್ಲೇ ಹಾದುಹೋಗಬೇಕು. ಮಗಳು ಒತ್ತಿದಳು. ಉತ್ತರ ಬಂತು. ಮತ್ತೆ ಒತ್ತಿದಳು. ಕೊಂಬು ಕೊಂಬೆಗಳಿಗೆ ತಾಗುವ ಸದ್ದು ಕೇಳಿತು. ಐದು ಕವಲಿನ ಗಂಡು, ಹೊಟ್ಟೆಯ ತನಕ ಕೆಸರು. ಮೂವತ್ತು ಗಜದಲ್ಲಿ ಪಕ್ಕ ತಿರುಗಿ ನಿಂತಿತು. ಮುಂಗಾಲಿನ ಹಿಂದೆ ಬಾಣ ಹೋಯಿತು.

ಕೂಡಲೇ ಹಿಂದೆ ಓಡಬಾರದು. ಗಾಬರಿಯಾದರೆ ಅದು ಬಹಳ ದೂರ ಓಡುತ್ತದೆ. ಒಂದು ಗಂಟೆ ಕೂತೆವು. ಮಗಳು ಏನೂ ಮಾತಾಡಲಿಲ್ಲ. ಆಮೇಲೆ ಜಾಡು ಹುಡುಕಲು ಎದ್ದೆವು. ಬಿದ್ದ ಆಸ್ಪೆನ್ ಎಲೆಗಳ ಮೇಲೆ ಕೆಂಚು ಚುಕ್ಕೆಗಳು ಮೊದಲೇ ಇರುತ್ತವೆ, ರಕ್ತವೋ ರೋಗವೋ ಗೊತ್ತಾಗುವುದಿಲ್ಲ. ಬೆರಳಿಗೆ ಎಂಜಲು ಹಚ್ಚಿ ಉಜ್ಜಬೇಕು. ಅಂಟಿದರೆ ರಕ್ತ. ಅವಳ ಕಣ್ಣು ನೆಲಕ್ಕೆ ನಮಗಿಂತ ಹತ್ತಿರ. ಒಂದೊಂದೇ ಹನಿ ಹುಡುಕಿ ಪಕ್ಕದ ಗಿಡಕ್ಕೆ ಕಿತ್ತಳೆ ಟೇಪ್ ಕಟ್ಟುತ್ತಾ ಹೋದಳು. ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿತ್ತು. ಬಾಣ ಶ್ವಾಸಕೋಶಕ್ಕೆ ತಾಗಿದೆ ಎಂದರ್ಥ.

ನೂರು ಗಜದಾಚೆ ಅದು ಮಲಗಿತ್ತು. ಅವಳು ಅತ್ತಳು. ಅಳಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಒರಟು ಕೂದಲು ಮುಟ್ಟಿ ಕೇಳಿದಳು, "ನೋವಾಯ್ತಾ ಇದಕ್ಕೆ?"

"ಆಯ್ತು ಮಗಳೇ. ಜಾಸ್ತಿ ಹೊತ್ತಲ್ಲ."

ಸುಳ್ಳು ಹೇಳುವುದಾದರೆ ಕರೆದುಕೊಂಡು ಹೋಗುವ ಅಗತ್ಯವೇ ಇರಲಿಲ್ಲ.

ಲೈಸೆನ್ಸ್ ಜೊತೆ ಬರುವ ಟ್ಯಾಗ್‌ಗೆ ಸಹಿ ಹಾಕಿ, ತಲೆದೀಪದ ಬೆಳಕಿನಲ್ಲಿ ಚರ್ಮ ಸುಲಿದು ನಾಲ್ಕೂ ತೊಡೆ, ಬೆನ್ನಿನ ಮಾಂಸ ಬಿಡಿಸಿದೆವು. ತಿನ್ನಬಹುದಾದ ಮಾಂಸ ಕಾಡಿನಲ್ಲಿ ಬಿಟ್ಟು ಬಂದರೆ ಇಲ್ಲಿ ಅಪರಾಧ. ಮಗಳು ದೀಪ ಹಿಡಿದಳು, ಪ್ರಶ್ನೆ ಕೇಳಿದಳು, ಹೃದಯವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಎಲ್ಕ್‌ನ ಮೇಲ್ದವಡೆಯಲ್ಲಿ ದಂತದಂಥ ಎರಡು ಹಲ್ಲು ಇರುತ್ತವೆ. ಗೆಳೆಯ ತೆಗೆದು ಅವಳಿಗೆ ಕೊಟ್ಟ. ಕರಡಿ ಬರಬಾರದು ಅಂತ ಮಾಂಸವನ್ನು ಬಟ್ಟೆ ಚೀಲಗಳಲ್ಲಿ ತುಂಬಿ ಎತ್ತರಕ್ಕೆ ಕಟ್ಟಿದೆವು. ಮರುದಿನ ಪೂರ್ತಿ ಹೊರುವುದೇ ಕೆಲಸ. ಭುಜ ಬಿದ್ದುಹೋಯಿತು. ಅವಳೂ ತನ್ನ ಶಾಲೆಯ ಬ್ಯಾಗಿನಲ್ಲಿ ಒಂದು ತುಂಡು ಹೊತ್ತಳು.

ಟೆಂಟ್‌ನಲ್ಲಿ ಅಕ್ಕಿ ರೊಟ್ಟಿ, ಉಪ್ಪಿನಕಾಯಿ ತಿಂದೆವು. ಮಾಂಸ ಮುಟ್ಟಲಿಲ್ಲ. ಇಲ್ಲಿನ ಎಲ್ಕ್, ಜಿಂಕೆಗಳಲ್ಲಿ ಮಿದುಳು ಸವೆಯುವ ಒಂದು ರೋಗ ಇದೆ. ಮನುಷ್ಯರಿಗೆ ಬಂದಿದ್ದು ಕಂಡಿಲ್ಲ. ಆದರೂ ರೋಗವಿರುವ ಮಾಂಸ ತಿನ್ನಬೇಡಿ ಎನ್ನುತ್ತಾರೆ. ಮಗು ತಿನ್ನುವ ಮನೆಯಲ್ಲಂತೂ ಕಾಯುವುದೇ ಸರಿ. ತಲೆಯನ್ನು ಪರೀಕ್ಷೆಗೆ ಕೊಟ್ಟು ಬಂದೆವು. ರೋಗವಿಲ್ಲ ಎಂದು ಫಲಿತಾಂಶ ಬಂದ ದಿನ ಹೆಂಡತಿ ಕಾಳುಮೆಣಸು, ಕೊಡಗಿನ ಹುಳಿ ಕಾಚಂಪುಳಿ ಹಾಕಿ ಸಾರು ಮಾಡಿದಳು. ಮಗಳು ಎರಡು ಸಲ ಹಾಕಿಸಿಕೊಂಡಳು.

ಈಗ ಹಿತ್ತಲಲ್ಲಿ ಹುಲ್ಲಿನ ಗುರಿಗೆ ಬಾಣ ಬಿಡುತ್ತಾಳೆ. ಅವಳದು ಮಕ್ಕಳ ಬಿಲ್ಲು, ಹತ್ತು ಪೌಂಡಿನ ಎಳೆತ, ಅಂದರೆ ಹಗ್ಗ ಪೂರ್ತಿ ಎಳೆಯಲು ಬೇಕಾದ ಬಲ. ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ 35 ಪೌಂಡ್ ಬೇಕು, ತರಬೇತಿ ಪಾಸಾಗಬೇಕು, ವಯಸ್ಸು 12 ತುಂಬಿರಬೇಕು. ಅಲ್ಲಿಯವರೆಗೆ ಕೂಗಿಸುವ ಕೆಲಸ ತನ್ನದೇ ಎಂದು ನನ್ನ ಗೆಳೆಯನಿಗೆ ಹೇಳಿಬಿಟ್ಟಿದ್ದಾಳೆ.