ಮಂಗಗಳ ಕಾವಿಗೆ ಹೋಗುವವರೇ, ಗೈಡಿಗೆ ದುಡ್ಡು ಕೊಡಬೇಡಿ, ಪಚ್ಚಿಲೆ ತಿನ್ನದೆ ಬರಬೇಡಿ

ತಲೆಗೆ 500 ರೂಪಾಯಿ. ನಾವು ಮೂವರು, ಒಟ್ಟು 1,500. ಅಷ್ಟು ಕೊಟ್ಟು ನಾವು ನಡೆದದ್ದು ಊರಿನ ಮಕ್ಕಳು ಸೈಕಲ್ ಹೊಡೆಯುವ ಓಣಿಯಲ್ಲಿ. ನಾವು ಉಳಿದುಕೊಂಡ ರೂಮಿನವರು ಅದಕ್ಕೆ ಕೊಟ್ಟಿದ್ದ ಹೆಸರು 'ದ್ವೀಪದ ಕಾಡಿನ ಟ್ರೆಕ್ಕಿಂಗ್'. ಬರೆಯಲು ಕೂತದ್ದೇ ಈ ಸಿಟ್ಟಿಗೆ.

ನಮ್ಮದು ಕಾಸರಗೋಡು ಜಿಲ್ಲೆಯ ಕುಂಬಳೆ. ಜಿಲ್ಲೆಯ ಆ ತುದಿಯಲ್ಲಿ, ತೃಕ್ಕರಿಪುರದ ಹತ್ತಿರ, ಇಡಯಿಲಕ್ಕಾಡ್ ಅಂತ ಒಂದು ಪುಟ್ಟ ದ್ವೀಪ ಇದೆ. ಕವ್ವಾಯಿ ಹಿನ್ನೀರಿನ ನಡುವೆ. ಅಲ್ಲೊಂದು ಹಳೆಯ ಕಾವು, ಅಂದರೆ ದೇವರ ಕಾಡು, ನಮ್ಮ ಕಡೆಯ ನಾಗಬನದ ಹಾಗೆ, ಆದರೆ ತುಂಬ ದೊಡ್ಡದು. ಅದರ ತುಂಬ ಮಂಗಗಳು. ಏಪ್ರಿಲ್ ಮೊದಲ ವಾರ, ಶಾಲೆಗೆ ರಜೆ ಸಿಕ್ಕ ಕೂಡಲೇ ಭಾವ, ಅಕ್ಕನ ಮಗ, ನಾನು ಹೊರಟೆವು. ಅಕ್ಕ ಬರಲಿಲ್ಲ. 'ಮಂಗ ನೋಡಲು ಅಷ್ಟು ದೂರ ಯಾಕೆ, ನಮ್ಮ ತೋಟಕ್ಕೆ ಬರುವುದು ಸಾಲದಾ' ಅಂದಳು.

ಹೋಗುವುದು ಸುಲಭ. ಕಣ್ಣೂರು ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ ತೃಕ್ಕರಿಪುರದಲ್ಲಿ ಇಳಿಯಿರಿ, ಅಲ್ಲಿಂದ ಆಟೋ. ದ್ವೀಪ ಅಂದ ಕೂಡಲೇ ದೋಣಿಯೇ ಬೇಕು ಅಂದುಕೊಳ್ಳಬೇಡಿ, ರಸ್ತೆ ಇದೆ. ದೋಣಿ ಇಲ್ಲದೆ ಹೋಗಲಾಗದು ಅಂತ ಸ್ಟೇಷನ್ ಹೊರಗೆ ಒಬ್ಬರು ಗಟ್ಟಿಯಾಗಿ ಹೇಳಿದರು. ಪುಣ್ಯಕ್ಕೆ ಆಟೋದವನು ನಕ್ಕುಬಿಟ್ಟ. ನಮ್ಮ ಮಲಯಾಳ ಕೇಳಿ 'ಮಂಗಳೂರಾ?' ಅಂದ. ಅಲ್ಲ ಮಾರಾಯ, ನಿನ್ನದೇ ಜಿಲ್ಲೆ ಅಂದರೆ ನಂಬಲಿಲ್ಲ.

ಇನ್ನು ಆ ನಡಿಗೆಯ ಕತೆ. ಬೆಳಗ್ಗೆ ಆರಕ್ಕೆ ಬರಬೇಕಾದ ಗೈಡ್ ಹುಡುಗ ಬಂದದ್ದು ಎಂಟೂವರೆಗೆ. ಹಕ್ಕಿಗಳ ಹೊತ್ತು ಅಷ್ಟರಲ್ಲಿ ಮುಗಿದೇ ಹೋಗಿತ್ತು. ದಾರಿಯುದ್ದಕ್ಕೂ ಫೋನ್ ನೋಡುತ್ತಲೇ ಇದ್ದ. ಕಾವಿನ ಬಾಯಿಗೆ ತಂದು ನಿಲ್ಲಿಸಿ, ಮರದ ಮೇಲೆ ಕೂತ ಮಂಗವನ್ನು ಕೈ ತೋರಿಸಿ 'ಕುರಙ್ಙನ್' ಅಂದ. ಅಷ್ಟೇ. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ರೂಮಿನ ವಿಷಯ ಜಾಸ್ತಿ ಹೇಳುವುದಿಲ್ಲ. 2,800 ರೂಪಾಯಿ, ಫ್ಯಾನಿಗೆ ಒಂದೇ ಸ್ಪೀಡ್, 'ಹಿನ್ನೀರಿನ ನೋಟ' ಬಾತ್‌ರೂಮಿನ ಕಿಟಕಿಯಿಂದ.

ಮರುದಿನ ನಾವೇ ಬೆಳಕು ಹರಿಯುವ ಮೊದಲು ಹೋದೆವು, ಬಿಟ್ಟಿ. ಕಾವು ಕಂಡದ್ದು ಆಗಲೇ. ಸುತ್ತ ತೆಂಗು, ಮನೆ, ಉಪ್ಪುನೀರು. ನಡುವೆ ಈ ಕತ್ತಲು. ತೊಡೆಗಾತ್ರದ ಬಳ್ಳಿಗಳು ಮರದಿಂದ ಮರಕ್ಕೆ ಹೆಣೆದುಕೊಂಡಿವೆ. ಒಳಗೆ ಕಾಲಿಟ್ಟರೆ ಏಪ್ರಿಲ್ ಸೆಕೆಯಲ್ಲೂ ಮೈ ತಣ್ಣಗಾಗುತ್ತದೆ. ಮಂಗಗಳು ಒಂದೊಂದಾಗಿ ಇಳಿದು ಬಂದು ನಮ್ಮನ್ನು ನೋಡಿ, ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತಾಗಿ ಹಿಂತಿರುಗಿದವು. ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ ನಮ್ಮ ಮಾಮೂಲಿ ಮಂಗಗಳೇ. ಆದರೆ ಈ ಜಾತಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಇವಕ್ಕೆ ಊರಿನವರು ಅನ್ನ ಹಾಕುವುದುಂಟು, ಉಪ್ಪು ಹಾಕದ ಅನ್ನ. ಓಣಂ ಮುಗಿದ ಮರುದಿನ, ಅವಿಟ್ಟಂ ದಿನ, ಬಾಳೆ ಎಲೆ ಹಾಕಿ ಹಣ್ಣು, ತರಕಾರಿ, ಅನ್ನ ಬಡಿಸಿ ಮಂಗಗಳಿಗೇ ಔತಣ ಮಾಡುತ್ತಾರೆ. ಭಾವನಿಗೆ ಆ ದಿನ ಇನ್ನೊಮ್ಮೆ ಬರುವ ಆಸೆ. ನಾನಂತೂ ಇಲ್ಲ. ಅಷ್ಟು ಜನ, ಅಷ್ಟು ಕ್ಯಾಮರಾ ನನ್ನಿಂದಾಗದು. ರವಿವಾರವೂ ಬೇಡ. ನಾವು ಹೊರಡುವಷ್ಟರಲ್ಲಿ ಎರಡು ವ್ಯಾನ್ ಮಕ್ಕಳು ಚಿಪ್ಸ್ ಪ್ಯಾಕೆಟ್ ಹಿಡಿದು ಇಳಿದರು. ಆಮೇಲೆ ಮಂಗ ಯಾವುದು, ಮಕ್ಕಳು ಯಾವುದು ಗೊತ್ತಾಗಲಿಲ್ಲ.

ನೀವಂತೂ ತಿಂಡಿ ಕೊಡಬೇಡಿ. ಕೈಚೀಲ ಬಿಗಿ ಹಿಡಿಯಿರಿ. ನಾಗನ ಕಟ್ಟೆ ಹತ್ತಿರ ಚಪ್ಪಲಿ ಬಿಚ್ಚಿ.

ನಡೆಯಲೇಬೇಕು ಅನ್ನುವವರು ಅಲ್ಲಿಂದ ವಲಿಯಪರಂಬಕ್ಕೆ ಹೋಗಿ. ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರು. ಗೈಡೂ ಬೇಡ, ದಾರಿ ತಪ್ಪುವ ಹೆದರಿಕೆಯೂ ಇಲ್ಲ. ನೆರಳು ಮಾತ್ರ ಕಡಿಮೆ, ಒಂಬತ್ತರ ಮೇಲೆ ಮರಳು ಸುಡುತ್ತದೆ. ಅಲ್ಲಿ ಗಾಳಿಮರದ ತುದಿಯಲ್ಲಿ ಬಿಳಿಹೊಟ್ಟೆ ಕಡಲ ಹದ್ದು ಕೂತಿತ್ತು. 'ಮಾಮಾ, ಅದು ನಮ್ಮ ಜಿಲ್ಲೆಯ ಹಕ್ಕಿ' ಅಂತ ಅಳಿಯ ಕೂಗಿದ. ನಿಜವೇ. 2023ರಲ್ಲಿ ಕಾಸರಗೋಡು ತನಗೇ ಅಂತ ಒಂದು ಹಕ್ಕಿ, ಮರ, ಹೂವು, ಪ್ರಾಣಿ ಘೋಷಿಸಿಕೊಂಡಿತು. ಮರ ಯಾವುದು ಅಂತ ಕೇಳಿದೆ. ಕಾಸರಕ ಅಂದ. ಕ್ವಿಜ್‌ಗೆ ಓದಿದ್ದನಂತೆ. ಚಳಿಗಾಲದ ವಲಸೆ ಹಕ್ಕಿ ಬೇಕಾದವರು ಡಿಸೆಂಬರ್, ಜನವರಿಯಲ್ಲಿ ಬನ್ನಿ.

ಆದರೆ ನಾನು ಹೇಳುವುದಾದರೆ ಏಪ್ರಿಲ್. ಕಾರಣ ಹಕ್ಕಿ ಅಲ್ಲ, ಪಚ್ಚಿಲೆ, ಚಿಪ್ಪಿನೊಳಗೆ ಬೆಳೆಯುವ ಕಡಲ ಜೀವಿ. ಅಲ್ಲಿಯವರು ಕಲ್ಲುಮ್ಮಕ್ಕಾಯ ಅನ್ನುತ್ತಾರೆ. ಅಲ್ಲೇ ಹತ್ತಿರದ ಪಡನ್ನ ಊರಿನ ಸುತ್ತಮುತ್ತ ಹಿನ್ನೀರಿನಲ್ಲಿ ಬಿದಿರು ನೆಟ್ಟು, ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಟ್ಟು ಇದನ್ನು ಬೆಳೆಸುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದರೆ ಸಾಯುತ್ತದೆ. ಹಾಗಾಗಿ ಅದಕ್ಕೆ ಮೊದಲೇ, ಬೇಸಿಗೆಯಲ್ಲಿ, ಎಲ್ಲ ಕಿತ್ತು ಮಾರಬೇಕು. ನಾವು ಹೋದದ್ದು ಸರಿಯಾಗಿ ಆಗಲೇ.

ಪಡನ್ನದಲ್ಲಿ ರಸ್ತೆ ಬದಿ, ಬೋರ್ಡೂ ಇಲ್ಲದ ಒಂದು ಅಂಗಡಿ. ನಾಲ್ಕು ಬೆಂಚು. ಒಳಗೆ ಒಬ್ಬ ಉಮ್ಮ, ಹೊರಗೆ ಅವರ ಮಗ. ಅಲ್ಲಿ ಅರಿಕಡುಕ್ಕ ತಿನ್ನಿ. ಕುಚ್ಚಲಕ್ಕಿಗೆ ತೆಂಗಿನಕಾಯಿ, ಸಣ್ಣ ನೀರುಳ್ಳಿ, ಜೀರಿಗೆ ಹಾಕಿ ತರಿತರಿಯಾಗಿ ಅರೆದು, ಪಚ್ಚಿಲೆಯ ಬಾಯಿ ಬಿಡಿಸಿ ಒಳಗೆ ತುಂಬುತ್ತಾರೆ. ಮೊದಲು ಹಬೆಯಲ್ಲಿ ಬೇಯಬೇಕು. ಆಮೇಲೆ ಚಿಪ್ಪು ತೆಗೆದು, ಮೆಣಸಿನ ಮಸಾಲೆ ಹಚ್ಚಿ ಎಣ್ಣೆಗೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುವೆ ಕಡಲಿನ ಉಪ್ಪು. ಒಂದಕ್ಕೆ 15 ರೂಪಾಯಿ. ಭಾವ ಹನ್ನೊಂದು ತಿಂದರು. ಅಕ್ಕನಿಗೆ ಹೇಳಬೇಡ ಅಂದರು, ಅದಕ್ಕೇ ಇಲ್ಲಿ ಬರೆದೆ. ಜೊತೆಗೆ ನಿಂಬೆ ಹಿಂಡಿದ ಸುಲೈಮಾನಿ ಚಹಾ. ಮೂವರ ಹೊಟ್ಟೆ ತುಂಬಿ ಬಿರಿಯುವಷ್ಟಕ್ಕೆ 400 ರೂಪಾಯಿ ದಾಟಲಿಲ್ಲ. ಮರುದಿನವೂ ಅಲ್ಲಿಗೇ ಹೋದೆವು. ಹನ್ನೊಂದು ಗಂಟೆಗೆ ಪಾತ್ರೆ ಖಾಲಿ, ಬೇಗ ಹೋಗಿ.

ಮೂರನೇ ದಿನ ಬೇಕಲ ಕೋಟೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ.

ಮನೆಗೆ ಎರಡು ಕಿಲೋ ಹಸಿ ಪಚ್ಚಿಲೆ ತರೋಣ ಅಂತ ಭಾವನ ಹಟ. ನೀವೂ ತರುವುದಾದರೆ ಮುಚ್ಚಳ ಇರುವ ಡಬ್ಬಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದ ನೀರು ಕಾಞಂಗಾಡು ತಲುಪುವ ಮೊದಲೇ ಸೋರಿ, ಪೂರ್ತಿ ಬೋಗಿಯೇ ನಮ್ಮನ್ನು ತಿರುಗಿ ನೋಡಿತು.