ಸಾಲಿಗೊಂದು ಚುಕ್ಕಿ

ಇಂಗ್ಲೆಂಡಿನಲ್ಲಿ ಐದು ತುಂಬಿದ ಮಗು ಒಂದನೇ ತರಗತಿಗೆ ಬರುತ್ತದೆ. 2014ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಪದಗಳ ನಡುವೆ ಜಾಗ ಬಿಡುವುದು, ವಾಕ್ಯದ ಮೊದಲಿಗೆ ದೊಡ್ಡ ಅಕ್ಷರ, ಕೊನೆಗೆ ಪೂರ್ಣವಿರಾಮ, ಹೆಸರು, ಊರು, ವಾರಗಳಿಗೆಲ್ಲ ದೊಡ್ಡ ಅಕ್ಷರ, ಇವೆಲ್ಲ ಅದೇ ವರ್ಷ ಶುರುವಾಗಬೇಕು.

ನಮ್ಮಲ್ಲಿ ಮೊದಲು ದೊಡ್ಡ ಎಬಿಸಿಡಿ, ಆಮೇಲೆ ಸಣ್ಣ ಎಬಿಸಿಡಿ. ಇಲ್ಲಿ ಉಲ್ಟಾ. ಸಣ್ಣ ಅಕ್ಷರವೇ ಮೊದಲು, ಅದೂ 'ಬಿ' ಎಂಬ ಹೆಸರಿನಿಂದಲ್ಲ, 'ಬ್' ಎಂಬ ಉಚ್ಚಾರದಿಂದ. ಹಾಗಿದ್ದರೂ ಮಗಳ ಪುಸ್ತಕದಲ್ಲಿ ಪದಗಳ ನಟ್ಟನಡುವೆ ದೊಡ್ಡ 'ಬಿ', ದೊಡ್ಡ 'ಡಿ' ಎದ್ದು ನಿಲ್ಲುತ್ತಿದ್ದವು. ಶಿವಮೊಗ್ಗದಿಂದ ಅಜ್ಜಿ ಕಳಿಸಿದ ಎಬಿಸಿಡಿ ಪುಸ್ತಕದ ಮೇಲೆ ತಪ್ಪು ಹೊರಿಸಲು ಮನೆಯಲ್ಲಿ ಒಬ್ಬರು ಸಿದ್ಧರಾಗಿಯೇ ಇದ್ದರು. ಅಸಲು ಕಾರಣವನ್ನು ಟೀಚರ್ ಹೇಳಿದರು: ಸಣ್ಣ 'ಬಿ'ಯನ್ನು ಎಡಬಲ ತಿರುಗಿಸಿದರೆ ಸಣ್ಣ 'ಡಿ'. ಯಾವುದು ಎತ್ತ ತಿರುಗಿದೆ ಎಂಬ ಗೊಂದಲವೇ ಬೇಡವೆಂದು ಮಕ್ಕಳು ದೊಡ್ಡದನ್ನೇ ಬರೆದುಬಿಡುತ್ತಾರೆ. ಜಾಣತನವೇ ಸರಿ!

ಪೂರ್ಣವಿರಾಮದ್ದು ಇದಕ್ಕಿಂತ ದೊಡ್ಡ ಫಜೀತಿ. ಚುಕ್ಕಿ ಇಡಬೇಕು ಎಂದು ಗೊತ್ತಾದ ದಿನದಿಂದ ಅವಳು ಸಾಲಿಗೊಂದು ಚುಕ್ಕಿ ಇಡತೊಡಗಿದಳು. ವಾಕ್ಯ ಎಲ್ಲಿ ಮುಗಿಯಿತೋ ಬಿಟ್ಟಿತೋ, ಕಾಗದದ ಬಲ ಅಂಚು ಬಂದರೆ ಚುಕ್ಕಿ. ಒಳಗೆ ನೋಡಿದರೆ 'ಆಂಡ್, ಆಂಡ್' ಎಂದು ಪುಟದ ಉದ್ದಕ್ಕೂ ಸರಪಳಿ.

ಇಂಗ್ಲಿಷ್ ಮನೆಗಳ ಮಕ್ಕಳೂ ಹೀಗೇ ಬರೆಯುತ್ತಾರೆ. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಕಾರಣವೂ ಸೇರಿದೆ ಎಂದು ನನ್ನ ಗುಮಾನಿ. ಮಗಳು ಕನ್ನಡದಲ್ಲಿ ವರದಿ ಒಪ್ಪಿಸುವ ರೀತಿ ಹೀಗೆ: ಪಾರ್ಕಿಗೆ ಹೋಗಿ, ಬಾತುಕೋಳಿ ನೋಡಿ, ಅದಕ್ಕೆ ಕಾಳು ಹಾಕಿ, ಜಾರುಬಂಡೆ ಆಡಿ ಬಂದೆವು. 'ಬಂದೆವು' ಎಂದ ಕೂಡಲೇ ಮಾತು ಮುಗಿಯಿತೆಂದು ಕೇಳುವವರಿಗೆ ತಿಳಿಯುತ್ತದೆ. ಚುಕ್ಕಿ ಇಟ್ಟರೂ ಸೈ, ಬಿಟ್ಟರೂ ಸೈ. ತಾಳೆಗರಿಯಲ್ಲಿ ಪದಕ್ಕೂ ಪದಕ್ಕೂ ಜಾಗವೇ ಬಿಡದೆ ಬರೆದದ್ದನ್ನು ನಮ್ಮ ಹಿರಿಯರು ಓದಿಕೊಳ್ಳುತ್ತಿದ್ದುದಕ್ಕೆ ಇದೂ ನೆರವಾಗಿರಬೇಕು. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆಯೇ ಬಂದುಹೋಗುತ್ತದೆ. ಆಮೇಲೆ ಮಾತು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಗುರುತಿಲ್ಲ.

ಆದ್ದರಿಂದ ಟೀಚರ್ ಹೇಳಿದ ಉಪಾಯ ನನಗೆ ಹಿಡಿಸಿತು. ಪೆನ್ಸಿಲ್ ಮುಟ್ಟುವ ಮುಂಚೆ ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು, ಪದಗಳನ್ನು ಬೆರಳಲ್ಲಿ ಎಣಿಸಬೇಕು, ಆಮೇಲೆ ಬರೆಯಬೇಕು, ಬರೆದದ್ದನ್ನು ಓದಿ ನೋಡಬೇಕು. ಎರಡು ಕೈಯ ಬೆರಳು ಮುಗಿದರೂ ವಾಕ್ಯ ಮುಗಿಯದಿದ್ದರೆ ಎಲ್ಲೋ ಒಂದು 'ಆಂಡ್' ಕತ್ತರಿಸಬೇಕು ಎಂಬುದು ನಾನು ಸೇರಿಸಿದ ನಿಯಮ. ನಿಯಮಗಳ ಪಟ್ಟಿ ಗೋಡೆಗೆ ಅಂಟಿಸುವುದಕ್ಕಿಂತ ಇದು ವಾಸಿ.

ಆಶ್ಚರ್ಯಸೂಚಕದ ವಿಷಯದಲ್ಲಿ ಮಾತ್ರ ಇಲ್ಲಿಯವರ ಮಡಿ ಅತಿಯಾಯಿತು. ಏಳು ವರ್ಷದ ಮಕ್ಕಳ ಪರೀಕ್ಷೆಯಲ್ಲಿ 'ವಾಟ್' ಅಥವಾ 'ಹೌ'ನಿಂದ ಶುರುವಾದರೆ ಮಾತ್ರ ಅದನ್ನು ಆಶ್ಚರ್ಯದ ವಾಕ್ಯವೆಂದು ಒಪ್ಪಬೇಕು ಎಂದು 2016ರಲ್ಲಿ ಸರ್ಕಾರವೇ ಹೇಳಿತ್ತು. ನಮ್ಮ 'ಅಯ್ಯೋ, ಬಿತ್ತು!' ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಎರಡನೇ ತರಗತಿಗೆ ಅಲ್ಪವಿರಾಮವೂ, ಅಕ್ಷರದ ನೆತ್ತಿಯ ಪಕ್ಕ ಇಡುವ ಪುಟ್ಟ ಗೆರೆ ಅಪಾಸ್ಟ್ರಫಿಯೂ ಬರಲಿವೆ. ಅಪಾಸ್ಟ್ರಫಿಯನ್ನು ಎಲ್ಲಿ ಇಡಬೇಕೆಂದು ಇಲ್ಲಿನ ತರಕಾರಿ ಅಂಗಡಿಯವರಿಗೇ ಖಾತರಿಯಿಲ್ಲ. ಅವರ ಬೋರ್ಡುಗಳನ್ನು ಮಗಳಿಗೆ ಈಗಲೇ ತೋರಿಸುವುದಿಲ್ಲ.