ಸ್ಪ್ರಿಂಗ್‌ಫೀಲ್ಡ್‌ನಿಂದ ಇಂಡಿಪೆಂಡೆನ್ಸ್‌ಗೆ: ಆರ್‌ವಿಯಲ್ಲಿ ಹಳೆಯ ಮನೆಗಳು ಮತ್ತು ಕ್ವಿಲ್ಟ್ ಬಟ್ಟೆಯ ಅಂಗಡಿಗಳು

ಕ್ವಿಲ್ಟ್ (ಬಟ್ಟೆಯ ತುಂಡುಗಳನ್ನು ಜೋಡಿಸಿದ, ಕೌದಿಯಂಥ ಹೊದಿಕೆ) ಹೊಲಿಯುವ ಹವ್ಯಾಸ ಮತ್ತು ಹೆಸರಾಂತರು ಬಾಳಿದ ಮನೆಗಳನ್ನು ನೋಡುವ ಆಸೆ ಎರಡೂ ಇರುವವರಿಗೆ, ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಿಂದ ಮಿಸೌರಿಯ ಇಂಡಿಪೆಂಡೆನ್ಸ್‌ವರೆಗಿನ ದಾರಿಯಷ್ಟು ಅನುಕೂಲವಾದ ಇನ್ನೊಂದನ್ನು ನಾನು ಕಂಡಿಲ್ಲ. ಸ್ಪ್ರಿಂಗ್‌ಫೀಲ್ಡ್‌ನಿಂದ ಹೊರಟ ಐ-72 ಹೆದ್ದಾರಿ ಸುಮಾರು 100 ಮೈಲಿಯ ನಂತರ ಹ್ಯಾನಿಬಲ್ ಬಳಿ ಮಿಸಿಸಿಪ್ಪಿ ನದಿಯನ್ನು ದಾಟುತ್ತದೆ. ಅಲ್ಲಿಂದ ಮುಂದೆ ಯುಎಸ್ 36 ನಾಲ್ಕು ಪಥಗಳಲ್ಲಿ ಪಶ್ಚಿಮಕ್ಕೆ ಸಾಗುತ್ತದೆ. ಘಟ್ಟದ ತಿರುವುಗಳಿಲ್ಲದ ಈ ರಸ್ತೆ ಆರ್‌ವಿಯನ್ನು (ಮಲಗಲು, ಅಡುಗೆಗೆ ಅನುಕೂಲವಿರುವ ಮನೆಯಂಥ ವಾಹನವನ್ನು) ಮೊದಲ ಬಾರಿಗೆ ಓಡಿಸುವವರಿಗೂ ಒಗ್ಗುತ್ತದೆ. ನಾನೂ ನನ್ನ ಯಜಮಾನರೂ ಪೂರ್ವದಿಂದ ಪಶ್ಚಿಮಕ್ಕೆ ಹೋದೆವು, ನೀವೂ ಹಾಗೆಯೇ ಹೋಗಿ ಎನ್ನುತ್ತೇನೆ. ಮೊದಲು ಹಳೆಯ ಮನೆಗಳ ಬಣ್ಣ, ವಿನ್ಯಾಸಗಳನ್ನು ಕಣ್ತುಂಬಿಕೊಂಡು ಆಮೇಲೆ ಅಂಗಡಿಗೆ ಹೋದರೆ ಯಾವ ಬಟ್ಟೆ ಬೇಕೆಂಬುದು ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿರುತ್ತದೆ.

ವಾಹನ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಇಬ್ಬರಿಗೆ 25 ಅಡಿಯ ಕ್ಲಾಸ್ ಸಿ (ಮಧ್ಯಮ ಗಾತ್ರದ ಆರ್‌ವಿ) ವಾಹನ ಧಾರಾಳವಾಗಿ ಸಾಕು, ಏಕೆಂದರೆ ನೋಡಬೇಕಾದ ಮನೆಗಳೆಲ್ಲ ಹಳೆಯ ಕಾಲದ ಬೀದಿಗಳಲ್ಲಿವೆ. ವಾಹನವನ್ನು ಬಾಡಿಗೆಗೆ ಪಡೆಯುವಾಗ ಮೈಲಿಗಳ ಮಿತಿ, ಜನರೇಟರ್ ಬಳಕೆ ಮತ್ತು ಕೊಳಚೆ ಟ್ಯಾಂಕ್ ಖಾಲಿ ಮಾಡದಿದ್ದರೆ ಬೀಳುವ ಶುಲ್ಕಗಳನ್ನು ಪ್ರತ್ಯೇಕವಾಗಿ ಕೇಳಿ ಬರೆಸಿಕೊಳ್ಳಿ. ಬಟ್ಟೆ ಕೊಂಡರೆ ಭಾರ ಹೆಚ್ಚುತ್ತದೆ ಎಂಬ ಭಯ ಹಲವರಿಗಿದೆ. ಆದರೆ ಕ್ವಿಲ್ಟ್‌ಗೆ ಬಳಸುವ ಹತ್ತಿಬಟ್ಟೆ ಮೂರು ಗಜಕ್ಕೆ ಹೆಚ್ಚುಕಡಿಮೆ ಒಂದು ಪೌಂಡ್ ತೂಗುತ್ತದೆ. ಟ್ಯಾಂಕಿನ ನೀರಾದರೋ ಒಂದೇ ಗ್ಯಾಲನ್‌ಗೆ ಎಂಟು ಪೌಂಡ್‌ಗಿಂತ ಹೆಚ್ಚು. ಸಂಜೆ ಕ್ಯಾಂಪ್‌ಗ್ರೌಂಡಿನಲ್ಲಿ (ಆರ್‌ವಿ ನಿಲ್ಲಿಸಿ ರಾತ್ರಿ ತಂಗುವ ಜಾಗದಲ್ಲಿ) ನೀರು ಸಿಗುವುದು ಖಚಿತವಿದ್ದ ದಿನ ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಹೊರಡಬೇಕಾಗಿಲ್ಲ.

ಮೊದಲ ರಾತ್ರಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ತಂಗದೆ, ವಾಯವ್ಯಕ್ಕಿರುವ ನ್ಯೂ ಸೇಲಂನ ಕ್ಯಾಂಪ್‌ಗ್ರೌಂಡಿನಲ್ಲಿ ತಂಗುವುದು ಲೇಸು. ಲಿಂಕನ್ 1831ರಿಂದ 1837ರವರೆಗೆ ಬಾಳಿದ ಹಳ್ಳಿಯನ್ನು ಅಲ್ಲಿ ಮರದ ದಿಮ್ಮಿಗಳ ಮನೆಗಳೊಂದಿಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮರುದಿನ ಬೆಳಿಗ್ಗೆ ಬೇಗನೆ ಹೊರಟು ನಗರದ ಲಿಂಕನ್ ಮನೆಯ ಸಂದರ್ಶಕರ ಕೇಂದ್ರ ತಲುಪಿ. ಪ್ರವೇಶ ಉಚಿತವಾದರೂ ಸಮಯ ನಮೂದಿಸಿದ ಟಿಕೆಟ್ ಬೇಕು, ಮತ್ತು ಬೇಸಿಗೆಯಲ್ಲಿ ತಡವಾಗಿ ಬಂದವರು ಬಹಳ ಹೊತ್ತು ಕಾಯಬೇಕಾಗುತ್ತದೆ. 1844ರಲ್ಲಿ ಕೊಂಡ ಈ ಮನೆ ಲಿಂಕನ್ ತಮ್ಮದೆಂದು ಹೊಂದಿದ್ದ ಒಂದೇ ಒಂದು ಮನೆ. ಮಗ ರಾಬರ್ಟ್ 1887ರಲ್ಲಿ ಇದನ್ನು ರಾಜ್ಯಕ್ಕೆ ಕೊಟ್ಟಾಗ, ಚೆನ್ನಾಗಿ ಕಾಪಾಡಬೇಕು ಮತ್ತು ನೋಡಬಂದವರಿಂದ ಹಣ ಪಡೆಯಬಾರದು ಎಂಬ ಷರತ್ತು ಹಾಕಿದ್ದರು. ಇಂದಿಗೂ ಅದು ನಡೆದುಬಂದಿದೆ. ಮೆಟ್ಟಿಲು ಹತ್ತುವಾಗ ಕೈಹಿಡಿಯನ್ನು ಮುಟ್ಟಿರಿ, ಲಿಂಕನ್ ಹಿಡಿದು ಹತ್ತುತ್ತಿದ್ದುದು ಇದನ್ನೇ ಎಂದು ಅಲ್ಲಿನ ರೇಂಜರ್‌ಗಳು ಹೇಳುತ್ತಾರೆ. ಹೊಲಿಗೆಯವರು ಮುಖ್ಯವಾಗಿ ಗಮನಿಸಬೇಕಾದದ್ದು ಮೇಲಂತಸ್ತಿನ ಮಲಗುವ ಕೋಣೆಯ ಗೋಡೆಕಾಗದವನ್ನು. ಆ ಕಾಲದವರು ಮಾಸಲು ಬಣ್ಣಗಳಲ್ಲೇ ಬದುಕಿದ್ದರೆಂಬ ನಮ್ಮ ಕಲ್ಪನೆಯನ್ನು ಅದರ ನೀಲಿಯೂ ದೊಡ್ಡ ವಿನ್ಯಾಸವೂ ಅಳಿಸಿಹಾಕುತ್ತವೆ.

ಹ್ಯಾನಿಬಲ್‌ನಲ್ಲಿ ಲೇಖಕ ಮಾರ್ಕ್ ಟ್ವೇನ್ ಬಾಲ್ಯ ಕಳೆದ ಮನೆಗೆ ಅರ್ಧ ದಿನ ಸಾಕು. 1912ರಿಂದಲೂ ಸಾರ್ವಜನಿಕರು ನೋಡುತ್ತಿರುವ ಪುಟ್ಟ ಮನೆಯಿದು. ಊರಾಚೆಯ ಗುಹೆಯ ಬಳಿಯ ಕ್ಯಾಂಪ್‌ಗ್ರೌಂಡಿನಲ್ಲಿ ರಾತ್ರಿ ಉಳಿಯಬಹುದು. ಮುಂದೆ ಮಾರ್ಸೆಲೀನ್‌ನಲ್ಲಿ ಹಳೆಯ ರೈಲು ನಿಲ್ದಾಣದೊಳಗಿನ ವಾಲ್ಟ್ ಡಿಸ್ನಿ ಸಂಗ್ರಹಾಲಯವೂ, ಲಕ್ಲೀಡ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯನ್ನು ನಡೆಸಿದ ಜನರಲ್ ಪರ್ಶಿಂಗ್ ಬೆಳೆದ ಮನೆಯೂ ಸಿಗುತ್ತವೆ. ಒಂದನ್ನೇ ನೋಡುವಷ್ಟು ಸಮಯವಿದ್ದರೆ ಪರ್ಶಿಂಗ್ ಮನೆಯನ್ನು ಆರಿಸಿಕೊಳ್ಳಿ.

ಹ್ಯಾನಿಬಲ್‌ನಿಂದ ಸುಮಾರು 150 ಮೈಲಿ ದೂರದ ಹ್ಯಾಮಿಲ್ಟನ್ ಈ ಪ್ರವಾಸದ ತಿರುಳು. ತಮ್ಮ ಹೆಸರಿನ ಅಂಗಡಿಗಳ ಸರಣಿ ಕಟ್ಟಿದ ವ್ಯಾಪಾರಿ ಜೆ. ಸಿ. ಪೆನ್ನಿ 1875ರಲ್ಲಿ ಹುಟ್ಟಿದ ಈ ಸಣ್ಣ ಊರಿನಲ್ಲಿ 2008ರಲ್ಲಿ ಡೋನ್ ಕುಟುಂಬ ಆರಂಭಿಸಿದ ಮಿಸೌರಿ ಸ್ಟಾರ್ ಕ್ವಿಲ್ಟ್ ಕಂಪನಿ ಮುಖ್ಯ ಬೀದಿಯ ಹಳೆಯ ಇಟ್ಟಿಗೆ ಕಟ್ಟಡಗಳನ್ನು ಒಂದೊಂದಾಗಿ ಬಟ್ಟೆಯ ಅಂಗಡಿಗಳನ್ನಾಗಿ ಮಾಡಿದೆ. ಬಾಟಿಕ್‌ಗೆ (ಮೇಣ ಹಚ್ಚಿ ಬಣ್ಣ ಹಾಕಿದ ಬಟ್ಟೆಗೆ) ಒಂದು ಅಂಗಡಿ, ಮಕ್ಕಳ ಬಟ್ಟೆಗೆ ಇನ್ನೊಂದು, ಹಬ್ಬಗಳಿಗೆ ಮತ್ತೊಂದು, ಹೀಗೆ ಬೀದಿಯುದ್ದಕ್ಕೂ ನಡೆಯಬೇಕು. ಆರ್‌ವಿಯನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದುಬನ್ನಿ, ಭಾನುವಾರ ಮಾತ್ರ ಇಲ್ಲಿಗೆ ಬರುವ ಯೋಜನೆ ಹಾಕಬೇಡಿ. ಲಿಂಕನ್ ಕಾಲದ ಅಮೆರಿಕದ ಅಂತರ್ಯುದ್ಧದ ದಿನಗಳ ಅಚ್ಚುಗಳನ್ನು ಅನುಸರಿಸಿದ ಬಟ್ಟೆಗಳ ಕಂದು, ನೀಲಿ, ಕೆಂಪುಗಳನ್ನು ಮುಟ್ಟಿ ನೋಡಿದಾಗ, ಲಿಂಕನ್ ಮನೆಯ ಕೋಣೆಗಳನ್ನು ನೋಡಿ ಬಂದದ್ದು ಎಷ್ಟು ಉಪಯೋಗವಾಯಿತೆಂದು ನನಗೆ ತಿಳಿಯಿತು.

ಎರಡೂವರೆ ಇಂಚಿನ ಪಟ್ಟಿಗಳ ಜೆಲ್ಲಿ ರೋಲ್, ಐದಿಂಚಿನ ಚೌಕಗಳ ಚಾರ್ಮ್ ಪ್ಯಾಕ್, ಹತ್ತಿಂಚಿನ ಲೇಯರ್ ಕೇಕ್, ಅಂಗಡಿಯಲ್ಲೇ ಕತ್ತರಿಸಿಟ್ಟು ಮಾರುವ ಈ ಬಟ್ಟೆಯ ಕಟ್ಟುಗಳೆಲ್ಲ ಕಡಿಮೆ ಜಾಗ ಹಿಡಿಯುವುದರಿಂದ ಪ್ರಯಾಣಿಕರಿಗೆ ಹಿತ. ಆದರೆ ನಮ್ಮ ಕೌದಿಯ ಹಾಗೆ ಕೈಯಿಂದಲೇ ಹೊಲಿಯುವವರು ಗಜದ ಲೆಕ್ಕದಲ್ಲೇ ಕೊಳ್ಳಬೇಕು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಕವಂದಿಯನ್ನು (ತಮ್ಮ ಕೌದಿಯನ್ನು) ಅಂಚಿನಿಂದ ಆರಂಭಿಸಿ ನಡುವಿಗೆ ಹೊಲಿಯುತ್ತಾ ಹೋಗುವುದರಿಂದ ತುಂಡಿನ ಅಳತೆಯನ್ನು ಅವರ ಕಣ್ಣೇ ನಿರ್ಧರಿಸುತ್ತದೆ. ಕತ್ತರಿಸಿಟ್ಟ ಚೌಕಗಳು ಆ ಸ್ವಾತಂತ್ರ್ಯವನ್ನು ಕೊಡುವುದಿಲ್ಲ. ಒಂದು ಕ್ವಿಲ್ಟ್‌ಗೆ ಬೇಕಾದ ಒಂದೇ ಬಣ್ಣದ ಬಟ್ಟೆಯನ್ನೆಲ್ಲ ಒಂದೇ ಥಾನಿನಿಂದ ಕತ್ತರಿಸಿ ಕೊಡಲು ಹೇಳಿ, ಏಕೆಂದರೆ ಇನ್ನೊಂದು ಥಾನಿನಲ್ಲಿ ಛಾಯೆ ಬದಲಾಗಬಹುದು. ಹಿಂಬದಿಗೆ 108 ಇಂಚು ಅಗಲದ ಬಟ್ಟೆ ಕೊಂಡರೆ ಕ್ವೀನ್ ಅಳತೆಯ ಹಾಸಿಗೆಗೆ ಸುಮಾರು ಮೂರು ಗಜ ಸಾಕು ಮತ್ತು ನಡುವೆ ಜೋಡಣೆಯ ಹೊಲಿಗೆ ಇರುವುದಿಲ್ಲ. ಊರಿನ ಹಳೆಯ ಶಾಲಾ ಕಟ್ಟಡದಲ್ಲಿರುವ ಮಿಸೌರಿ ಕ್ವಿಲ್ಟ್ ಸಂಗ್ರಹಾಲಯಕ್ಕೂ ಬಿಡುವು ಇಟ್ಟುಕೊಳ್ಳಿ. ರಾತ್ರಿ ತಂಗಲು ಕ್ಯಾಮೆರಾನ್ ಬಳಿಯ ವಾಲೇಸ್ ರಾಜ್ಯ ಉದ್ಯಾನವನ ಹತ್ತಿರವೇ ಇದೆ.

ಅಲ್ಲಿಂದ ಇಂಡಿಪೆಂಡೆನ್ಸ್ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ನಾರ್ತ್ ಡೆಲವೇರ್ ಬೀದಿಯ 219ನೇ ಸಂಖ್ಯೆಯ, ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಮನೆಯೊಳಗೆ ಸಣ್ಣ ಗುಂಪುಗಳನ್ನಷ್ಟೇ ಬಿಡುವುದರಿಂದ, ಪ್ರವೇಶ ಇರುವ ದಿನಗಳನ್ನೂ ಟಿಕೆಟ್ಟನ್ನೂ ಹೊರಡುವ ಮುನ್ನವೇ ವಿಚಾರಿಸಿಡಿ. ನೆಲಮಹಡಿಯನ್ನು ಮಾತ್ರ ತೋರಿಸುತ್ತಾರೆ, ಆದರೆ ಅಧ್ಯಕ್ಷರ ಕೋಟು ಮತ್ತು ಟೋಪಿ ಇನ್ನೂ ಗೂಟಕ್ಕೆ ತೂಗುತ್ತಿವೆ, ಅಡುಗೆಮನೆಯೂ ಸಾಧಾರಣ ಮನೆಯವರದ್ದರಂತೆಯೇ ಉಳಿದಿದೆ. ಆ ಬೀದಿಗಳು ಆರ್‌ವಿಗೆ ಇಕ್ಕಟ್ಟು. ವಾಹನವನ್ನು ಕ್ಯಾಂಪ್‌ಗ್ರೌಂಡಿನಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿಬನ್ನಿ.